ನಿರಾಶ್ರಿತರ ಜೊತೆ ಕೂತು ಚಿತ್ರ, ಹೊಲಿಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ, ದೇಶ ಬಿಟ್ಟು ಬಂದವರ ಜೊತೆ ಸೇರಿ ಚಿತ್ರ, ಹೊಲಿಗೆ ಮಾಡುವ ಗುಂಪುಗಳ ಬಗ್ಗೆ ಸ್ವಲ್ಪ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳು ನಿಜಕ್ಕೂ ಜಾಸ್ತಿ. ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಕೇಳಿದವರ ಹೆಸರು ಹಾಕಿಲ್ಲ.

ಪ್ರಶ್ನೆ: ನಮ್ಮೂರು ಧಾರವಾಡ, ಈಗ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿದ್ದೇವೆ. ಇಲ್ಲಿ ಒಂದು ಚರ್ಚ್ ಹಾಲ್‌ನಲ್ಲಿ ವಾರಕ್ಕೊಮ್ಮೆ, ಆಶ್ರಯ ಕೋರಿ ಬಂದವರಿಗೆ ಊಟ, ಚಹಾ, ಇಂಗ್ಲಿಷ್ ಪಾಠ ಇರುತ್ತದೆ. ಸೂಡಾನ್, ಇರಾನ್, ಎರಿಟ್ರಿಯಾ, ಅಫ್ಘಾನಿಸ್ತಾನದವರು ಬರುತ್ತಾರೆ. ನಾನು ಒಂದು ಡ್ರಾಯಿಂಗ್ ಟೇಬಲ್ ಶುರು ಮಾಡಿದೆ. ಮೊದಲ ದಿನ "ನಿಮ್ಮ ಮನೆಯ ಚಿತ್ರ ಬಿಡಿಸಿ" ಅಂದೆ. ಒಬ್ಬರು ಎದ್ದು ಹೋದರು, ಉಳಿದವರು ಪೆನ್ಸಿಲ್ ಹಿಡಿದು ಸುಮ್ನೆ ಕೂತುಬಿಟ್ಟರು. ನಾನು ಕೇಳಿದ್ದರಲ್ಲಿ ಏನು ತಪ್ಪು?

ಉತ್ತರ: ನಿಮ್ಮ ಮನಸ್ಸು ಒಳ್ಳೆಯದೇ ಇತ್ತು, ಆದರೆ ಆ ಪ್ರಶ್ನೆಯನ್ನು ಅವರು ಬೇರೆ ಕಡೆ ಕೇಳಿ ಬಂದಿರುತ್ತಾರೆ. ಬ್ರಿಟನ್‌ನಲ್ಲಿ ಆಶ್ರಯಕ್ಕೆ ಅರ್ಜಿ ಹಾಕಿದವರನ್ನು ಗೃಹ ಇಲಾಖೆಯ ಅಧಿಕಾರಿ ಗಂಟೆಗಟ್ಟಲೆ ವಿಚಾರಿಸುತ್ತಾರೆ. ಮನೆ ಎಲ್ಲಿತ್ತು, ಯಾವತ್ತು ಬಿಟ್ಟಿರಿ, ಜೊತೆಗೆ ಯಾರಿದ್ದರು, ಯಾವ ದಾರಿಯಲ್ಲಿ ಬಂದಿರಿ ಎಂದು ಎಲ್ಲವನ್ನೂ ಕೇಳುತ್ತಾರೆ. ಹೇಳಿದ ಮಾತಿಗೂ ಮೊದಲಿನ ಮಾತಿಗೂ ಸ್ವಲ್ಪ ವ್ಯತ್ಯಾಸ ಬಂದರೂ ಅರ್ಜಿಗೆ ಪೆಟ್ಟು. ಅಂಥ ಮನುಷ್ಯನ ಮುಂದೆ ಇನ್ನೊಂದು ಮೇಜು, ಇನ್ನೊಂದು ಬಿಳಿ ಹಾಳೆ ಇಟ್ಟು "ಮನೆ" ಅಂದರೆ ಕೈ ಹೇಗೆ ಓಡುತ್ತದೆ ಹೇಳಿ? ಆ ಮನೆ ಈಗ ಇದೆಯೋ ಇಲ್ಲವೋ, ಅದರಲ್ಲಿದ್ದವರು ಇದ್ದಾರೋ ಇಲ್ಲವೋ, ನಮಗೆ ಗೊತ್ತಿರುವುದಿಲ್ಲ.

ಹಾಗಾಗಿ ಕತೆ ಕೇಳದ ಕೆಲಸ ಕೊಡಿ. ನೀವು ಧಾರವಾಡದವರು, ನಿಮಗೆ ಕೌದಿ ಗೊತ್ತೇ ಇರುತ್ತದೆ. ಅದನ್ನೇ ಇಡಿ ಆ ಮೇಜಿನ ಮೇಲೆ. ಹಳೆ ಬಟ್ಟೆ, ದಪ್ಪ ಸೂಜಿ, ದಪ್ಪ ದಾರ, ಕತ್ತರಿ ಇದ್ದರೆ ಸಾಕು. ಉತ್ತರ ಕನ್ನಡದ ಸಿದ್ದಿ ಹೆಂಗಸರು ಕೌದಿ ಹೊಲಿಯುವುದನ್ನು ನೋಡಿದ್ದೀರಾ? ಒಂದು ಮೂಲೆಯಿಂದ ಶುರು ಮಾಡಿ, ಅಂಚಿಗುಂಟ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಚೂರು ಬಟ್ಟೆಗಳನ್ನು ಮೊದಲೇ ಲೆಕ್ಕ ಹಾಕಿ ಕತ್ತರಿಸಿರುವುದಿಲ್ಲ, ಕೈಗೆ ಸಿಕ್ಕಿದ್ದನ್ನು ಅಲ್ಲಲ್ಲೇ ಮಡಚಿ ಕೂರಿಸುತ್ತಾರೆ. ಕೊನೆಗೆ ಮೂಲೆಗಳಲ್ಲಿ ಸಣ್ಣ ಬಟ್ಟೆ ಮಡಚಿ ಫುಲಾ ಇಡುತ್ತಾರೆ, ಅದಿಲ್ಲದೆ ಕೌದಿ ಮುಗಿದಂತಲ್ಲ. ಈ ಹೊಲಿಗೆಗೆ ಭಾಷೆ ಬೇಡ, ಚಿತ್ರ ಬರಬೇಕೆಂಬ ಭಯವೂ ಬೇಡ. ಬರೀ ಎಳೆ ಹೊಲಿಗೆ. ಮತ್ತೆ ಒಂದು ಕೌದಿಯ ಸುತ್ತ ನಾಲ್ಕೈದು ಜನ ಕೂರಬಹುದು, ಕಣ್ಣು ಬಟ್ಟೆಯ ಮೇಲೇ ಇರುತ್ತದೆ. ಮುಖ ನೋಡದೆ ಮಾತಾಡುವುದು ಎಷ್ಟೋ ಜನಕ್ಕೆ ಸುಲಭ.

ಗಂಡಸರು ಹೊಲಿಯಲ್ಲ ಅಂದುಕೊಳ್ಳಬೇಡಿ. ಗುಂಪಿನಲ್ಲಿ ಟೈಲರ್ ಕೆಲಸ ಮಾಡಿದವರು ಒಬ್ಬರಾದರೂ ಇರಬಹುದು. ಅವರು ನಿಮ್ಮ ಹೊಲಿಗೆ ನೋಡಿ ಸುಮ್ಮನಿರುವುದಿಲ್ಲ, ಸೂಜಿ ಕಿತ್ತುಕೊಂಡು ಸರಿ ಮಾಡಿ ತೋರಿಸುತ್ತಾರೆ. ತೋರಿಸಲಿ, ಬಿಡಿ! ದಿನವಿಡೀ ಸಾಲಿನಲ್ಲಿ ನಿಂತು ಊಟ, ಬಟ್ಟೆ, ಸಹಿ ಎಲ್ಲವನ್ನೂ ಇನ್ನೊಬ್ಬರಿಂದ ಪಡೆಯುವವರಿಗೆ ಅರ್ಧ ಗಂಟೆ ಇನ್ನೊಬ್ಬರಿಗೆ ಕಲಿಸುವುದು ಸಣ್ಣ ವಿಷಯವಲ್ಲ. ನೀವೂ ಪಕ್ಕದಲ್ಲಿ ಕೂತು ಹೊಲಿಯಿರಿ. ಕೈಕಟ್ಟಿ ಹಿಂದೆ ನಿಂತು ನೋಡಬೇಡಿ.

ಇನ್ನು ಕೆಲವು ವ್ಯವಹಾರದ ಮಾತು. ಅರ್ಜಿ ತೀರ್ಮಾನವಾಗುವವರೆಗೆ ಅಲ್ಲಿ ಸರ್ಕಾರ ಕೊಡುವುದು ವಾರಕ್ಕೆ ಸುಮಾರು 49 ಪೌಂಡ್, ಊಟ ಕೊಡುವ ಹೋಟೆಲ್‌ನಲ್ಲಿ ಇಟ್ಟಿದ್ದರೆ 10 ಪೌಂಡ್ ಒಳಗೆ. ಅದರಲ್ಲಿ ಬಸ್ ಟಿಕೆಟ್ ಅಂದರೆ ದೊಡ್ಡ ಖರ್ಚು. ಬಣ್ಣ, ಬ್ರಷ್‌ಗೆ ಚಂದಾ ಎತ್ತುವ ಮೊದಲು ಬಸ್ ಚಾರ್ಜಿಗೆ ಎತ್ತಿ. ಮತ್ತೆ, ಇವತ್ತು ಶೆಫೀಲ್ಡ್‌ನಲ್ಲಿದ್ದವರನ್ನು ಕೆಲವೇ ದಿನಗಳ ನೋಟಿಸ್ ಕೊಟ್ಟು ಬೇರೆ ಊರಿಗೆ ಕಳಿಸಿಬಿಡಬಹುದು. ಆರು ತಿಂಗಳು ಹಿಡಿಯುವ ದೊಡ್ಡ ಯೋಜನೆ ಹಾಕಿದರೆ ಶುರು ಮಾಡಿದವರು ಮುಗಿಸಲು ಇರುವುದಿಲ್ಲ. ಒಂದೇ ಕೂತಲ್ಲಿ ಮುಗಿಯುವ, ಇಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಬಹುದಾದ ಕೆಲಸವನ್ನೂ ಜೊತೆಗೆ ಇಟ್ಟಿರಿ. ದಿನ, ಹೊತ್ತು ಮಾತ್ರ ಬದಲಿಸಬೇಡಿ. ಇಬ್ಬರೇ ಬಂದರೂ ನಡೆಸಿ. ಅವರ ಬದುಕಿನಲ್ಲಿ ಹೇಳಿದ ಹೊತ್ತಿಗೆ ಹೇಳಿದಂತೆ ನಡೆಯುವುದು ತುಂಬಾ ಕಡಿಮೆ.

ಪ್ರಶ್ನೆ: ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಬಣ್ಣ ಯಾಕೆ? ಆ ದುಡ್ಡಲ್ಲಿ ಅಕ್ಕಿ, ಔಷಧಿ ಕೊಡಬಹುದಲ್ವಾ? (ಹುಬ್ಬಳ್ಳಿಯಿಂದ)

ಉತ್ತರ: ಬೇಜಾರಿಲ್ಲ ಸರ್, ಕೇಳಲೇಬೇಕಾದ ಪ್ರಶ್ನೆ. ಅಕ್ಕಿ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಕ್ಕಿ ಸಿಕ್ಕ ಮೇಲೂ ಶಿಬಿರದಲ್ಲಿ ದಿನ ಕಳೆಯಬೇಕು, ವರ್ಷ ಕಳೆಯಬೇಕು.

ಫ್ರೀಡಲ್ ಡಿಕರ್ ಬ್ರಾಂಡೈಸ್ ಎಂಬ ಕಲಾವಿದೆ ಇದ್ದರು. ವಿಯೆನ್ನಾದ ಯಹೂದಿ, ಜರ್ಮನಿಯ ಪ್ರಸಿದ್ಧ ಬೌಹೌಸ್ ಕಲಾಶಾಲೆಯಲ್ಲಿ ಕಲಿತವರು. 1934ರಲ್ಲಿ ಪ್ರಾಣ ಉಳಿಸಿಕೊಳ್ಳಲು ಪ್ರಾಗ್‌ಗೆ ಬಂದರು, ಅಂದರೆ ಅವರೇ ನಿರಾಶ್ರಿತೆ. ಅಲ್ಲೂ ತನ್ನಂತೆ ಓಡಿ ಬಂದವರ ಮಕ್ಕಳಿಗೆ ಚಿತ್ರ ಕಲಿಸಿದರು. 1942ರ ಡಿಸೆಂಬರ್‌ನಲ್ಲಿ ನಾಜಿಗಳು ಅವರನ್ನು ಟೆರೆಜಿನ್ ಎಂಬಲ್ಲಿ ಕೂಡಿ ಹಾಕಿದರು. ಅಲ್ಲಿ ಹಸಿವು, ರೋಗ, ದಿನಾ ಸಾವು. ಅಂಥ ಜಾಗದಲ್ಲಿ ಫ್ರೀಡಲ್ ನೂರಾರು ಮಕ್ಕಳಿಗೆ ಪಾಠ ಮಾಡಿದರು. ಹಾಳೆ ಸಿಗುತ್ತಿರಲಿಲ್ಲ, ಬಳಸಿ ಬಿಟ್ಟ ಕಚೇರಿ ಫಾರಂಗಳನ್ನು ಹರಿದು ಅಂಟಿಸಿ ಮಕ್ಕಳು ಚಿತ್ರ ಮಾಡಿದರು. ಒಂದು ವಿಷಯದಲ್ಲಿ ಅವರು ಪಟ್ಟು ಬಿಡುತ್ತಿರಲಿಲ್ಲ: ಪ್ರತಿ ಮಗುವೂ ತನ್ನ ಚಿತ್ರದ ಮೇಲೆ ತನ್ನ ಹೆಸರು ಬರೆಯಬೇಕು. ಅಲ್ಲಿಂದ ಸಾಗಿಸುವಾಗ ಮಕ್ಕಳಿಗೆ ನಂಬರ್ ಕೊಡುತ್ತಿದ್ದರು, ಅದಕ್ಕೇ ಈ ಹೆಸರಿನ ಬೆಲೆ ಯೋಚಿಸಿ. 1944ರ ಅಕ್ಟೋಬರ್‌ನಲ್ಲಿ ಫ್ರೀಡಲ್‌ರನ್ನು ಆಶ್ವಿಟ್ಜ್‌ಗೆ ಕಳಿಸಿ ಕೊಂದರು. ಮಕ್ಕಳಲ್ಲೂ ಹೆಚ್ಚಿನವರು ಉಳಿಯಲಿಲ್ಲ. ಉಳಿದದ್ದು ಎರಡು ಸೂಟ್‌ಕೇಸ್‌ಗಳಲ್ಲಿ ಬಚ್ಚಿಟ್ಟ ಸುಮಾರು 4,500 ಚಿತ್ರಗಳು. ಈಗ ಪ್ರಾಗ್‌ನ ಯಹೂದಿ ಮ್ಯೂಸಿಯಂನಲ್ಲಿವೆ. ಎಷ್ಟೋ ಮಕ್ಕಳ ವಿಷಯದಲ್ಲಿ ಅವರು ಬದುಕಿದ್ದರು ಎನ್ನುವುದಕ್ಕೆ ಇಷ್ಟೇ ಗುರುತು.

ಇನ್ನೊಂದು ಹೇಳುತ್ತೇನೆ, ಇದು ಜೀವ ಉಳಿಸುವ ಕೆಲಸಕ್ಕೂ ಸಂಬಂಧಪಟ್ಟದ್ದು. 2017ರ ಆಗಸ್ಟ್ ನಂತರ ಮ್ಯಾನ್ಮಾರ್‌ನಿಂದ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ಗೆ ಓಡಿ ಬಂದರು. ಶಿಬಿರ ಎದ್ದದ್ದು ಕಾಡು ಕಡಿದ ಗುಡ್ಡಗಳ ಮೇಲೆ, ಅದೂ ಆನೆಗಳು ಓಡಾಡುವ ದಾರಿಯಲ್ಲಿ. ರಾತ್ರಿ ಆನೆ ನುಗ್ಗಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಕೊಡಗು, ಸಕಲೇಶಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿರಾಶ್ರಿತರನ್ನೇ ಆನೆ ಕಾವಲಿಗೆ ತಯಾರು ಮಾಡಿದರು, ಕಾವಲು ಗೋಪುರ ಕಟ್ಟಿದರು. ಅದರ ಜೊತೆಗೇ ಬಾಂಗ್ಲಾದೇಶದ ಕಲಾವಿದ ಕಮರುಜ್ಜಮಾನ್ ಸ್ವಾಧೀನ್ ಶಿಬಿರದ ಜನರನ್ನು ಸೇರಿಸಿ ಬಿದಿರಿನಿಂದ ನಿಜವಾದ ಆನೆಯಷ್ಟೇ ದೊಡ್ಡ ಆನೆಗಳನ್ನು ಕಟ್ಟಿದರು. ಮೈಗೆ ಹೊದಿಸಿದ್ದು ಶಿಬಿರದವರ ಹಳೆ ಬಟ್ಟೆ. ಆನೆ ಬಂದರೆ ಏನು ಮಾಡಬೇಕು, ಏನು ಮಾಡಬಾರದು ಅನ್ನುವ ಮಾತು ಆ ಬಟ್ಟೆ ಆನೆಯ ಸುತ್ತಲೇ ನಡೆಯಿತು. ರಾತ್ರಿ ಯಾವುದಕ್ಕೆ ಹೆದರುತ್ತಿದ್ದರೋ ಅದನ್ನೇ ಹಗಲಲ್ಲಿ ತಮ್ಮ ಬಟ್ಟೆಯಿಂದ ತಾವೇ ಮಾಡಿ ನಿಲ್ಲಿಸಿದ್ದು ನನಗೆ ಬಹಳ ಇಷ್ಟವಾದ ವಿಷಯ. ಇದಕ್ಕೆ ಅಕ್ಕಿಯ ದುಡ್ಡು ಮುಟ್ಟಬೇಕಿಲ್ಲ ಸರ್. ಸ್ವಲ್ಪ ಬಿದಿರು, ಹಳೆ ಬಟ್ಟೆ, ಜನರ ಕೈ.

ಸಾಮಾನಿನ ಮಾತು ಬಂತು, ಹೇಳಿಬಿಡುತ್ತೇನೆ. ಆಸ್ಟ್ರೇಲಿಯಾದ ಸಿಡ್ನಿ ಹತ್ತಿರದ ವಿಲ್ಲಾವುಡ್ ಬಂಧನ ಕೇಂದ್ರದಲ್ಲಿ ಇಟ್ಟಿದ್ದವರು ಇನ್‌ಸ್ಟಂಟ್ ಕಾಫಿ ಪುಡಿಯನ್ನು ನೀರಲ್ಲಿ ಕಲಸಿ ಚಿತ್ರ ಬರೆದಿದ್ದಾರೆ. ಹೊಂಬಣ್ಣದಿಂದ ಕಡು ಕಂದುವರೆಗೆ ಎಲ್ಲ ಛಾಯೆಯೂ ಅದರಲ್ಲೇ ಸಿಗುತ್ತದೆ. ಯಾರೂ ಬಣ್ಣ ಕೊಡದಿದ್ದರೂ ಜನ ಚಿತ್ರ ಮಾಡುತ್ತಾರೆ.

ಪ್ರಶ್ನೆ: ನಾನು ಜರ್ಮನಿಯಲ್ಲಿ ಸಂಜೆ ಹೊತ್ತು ಸಿರಿಯಾ, ಉಕ್ರೇನ್ ಮಕ್ಕಳಿಗೆ ಚಿತ್ರ ಹೇಳಿಕೊಡುತ್ತೇನೆ. ಒಬ್ಬ ಹುಡುಗ ಪ್ರತಿ ಸಲ ಟ್ಯಾಂಕ್, ವಿಮಾನ, ಬಾಂಬ್ ಇವನ್ನೇ ಬಿಡಿಸುತ್ತಾನೆ. ಬೇಡ ಅನ್ನಬೇಕಾ? ಹೂವು, ಚಿಟ್ಟೆ ಕಡೆ ತಿರುಗಿಸಬೇಕಾ?

ಉತ್ತರ: ಬೇಡ ಅನ್ನಬೇಡಿ. ತಿರುಗಿಸಲೂ ಹೋಗಬೇಡಿ. "ಇದು ಯಾರು, ಇಲ್ಲಿ ಏನಾಯ್ತು, ಅಪ್ಪ ಎಲ್ಲಿ" ಅಂತ ಕೆದಕುವುದೂ ಬೇಡ. ಅವನೇ ಹೇಳಿದರೆ ಕೇಳಿಸಿಕೊಳ್ಳಿ. ಇಲ್ಲದಿದ್ದರೆ "ಈ ಚಕ್ರವನ್ನು ಎಷ್ಟು ಚೆನ್ನಾಗಿ ಹಾಕಿದ್ದೀಯಾ, ಬೂದು ಬಣ್ಣ ಇನ್ನೂ ಬೇಕಾ?" ಅಂದರೆ ಸಾಕು. ಚಿತ್ರವನ್ನು ನೋಡಿ, ಹುಡುಗನ ರೋಗ ಹುಡುಕಬೇಡಿ. ಕಪ್ಪು ಬಳಿದರೆ ದುಃಖ, ಕೆಂಪು ಬಳಿದರೆ ಸಿಟ್ಟು ಅಂತ ಲೆಕ್ಕ ಹಾಕುವುದು ನಮ್ಮ ನಿಮ್ಮ ಕೆಲಸವಲ್ಲ. ಎಷ್ಟೋ ಸಲ ಡಬ್ಬಿಯಲ್ಲಿ ಕಪ್ಪೊಂದೇ ಉಳಿದಿರುತ್ತದೆ. ನಿದ್ದೆಯಿಲ್ಲ, ಊಟ ಬಿಟ್ಟಿದ್ದಾನೆ, ಮಾತು ನಿಲ್ಲಿಸಿದ್ದಾನೆ ಅನ್ನಿಸಿದರೆ ಅವನ ಮನೆಯವರ ಜೊತೆ ಮಾತಾಡಿ, ತರಬೇತಿ ಇರುವ ಆಪ್ತ ಸಲಹೆಗಾರರನ್ನು ತೋರಿಸಿ. ನೀವು ಚಿತ್ರದ ಟೀಚರ್, ಅದೇ ದೊಡ್ಡದು.

ಮಕ್ಕಳ ಚಿತ್ರ ಕೆಲವೊಮ್ಮೆ ಸಾಕ್ಷಿಯೂ ಆಗುತ್ತದೆ. 2007ರಲ್ಲಿ ಚಾಡ್ ದೇಶದ ಶಿಬಿರಗಳಲ್ಲಿ ಸೂಡಾನಿನ ಡಾರ್ಫುರ್‌ನಿಂದ ಬಂದ ಮಕ್ಕಳು ಬಿಡಿಸಿದ ಸುಮಾರು 500 ಚಿತ್ರಗಳನ್ನು ಬ್ರಿಟನ್‌ನ ವೇಜಿಂಗ್ ಪೀಸ್ ಎಂಬ ಸಂಸ್ಥೆ ಸಂಗ್ರಹಿಸಿತು. ಉರಿಯುವ ಗುಡಿಸಲು, ಕುದುರೆ ಮೇಲೆ ಬಂದೂಕುದಾರಿಗಳು, ಮೇಲಿಂದ ಗುಂಡು ಹಾರಿಸುವ ಹೆಲಿಕಾಪ್ಟರ್. ಹೇಗ್‌ನ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ ಅವನ್ನು ಹಿನ್ನೆಲೆಯ ಸಾಕ್ಷ್ಯವಾಗಿ ತೆಗೆದುಕೊಂಡಿತು. ಆದರೆ ಅದು ಬೇರೆ ಕೆಲಸ, ಅದಕ್ಕೆ ಬೇರೆಯೇ ಜವಾಬ್ದಾರಿ ಬೇಕು. ನಿಮ್ಮ ಸಂಜೆ ಕ್ಲಾಸನ್ನು ಸಾಕ್ಷಿ ಹುಡುಕುವ ಜಾಗ ಮಾಡಬೇಡಿ. ಮತ್ತೆ ಆ ಹುಡುಗನ ಚಿತ್ರವನ್ನು ಅವನನ್ನು ಕೇಳದೆ ಗೋಡೆಗೆ ಹಾಕಬೇಡಿ. ಮನೆಗೆ ಒಯ್ಯುತ್ತೇನೆ ಅಂದರೆ ಒಯ್ಯಲಿ, ಹರಿದು ಹಾಕುತ್ತೇನೆ ಅಂದರೆ ಹರಿಯಲಿ. ಅವನದು.

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದೊಂದು ಗೆಳೆಯರ ಗುಂಪಿದೆ. ಇಲ್ಲೇ ಹತ್ತಿರದ ರೋಹಿಂಗ್ಯಾ ಕುಟುಂಬಗಳ ಶೆಡ್‌ಗಳಿಗೆ ಒಂದು ಭಾನುವಾರ ಹೋಗಿ ಮಕ್ಕಳ ಜೊತೆ ಗೋಡೆ ಚಿತ್ರ ಮಾಡಿ, ವಿಡಿಯೋ ಮಾಡಿ ಹಾಕಬೇಕೆಂದಿದ್ದೇವೆ. ಜನರಿಗೆ ಇವರ ಕಷ್ಟ ತಿಳಿಯಲಿ ಎಂದು. ಸಲಹೆ ಕೊಡಿ.

ಉತ್ತರ: ವಿಡಿಯೋ ಬೇಡ. ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, 1967ರ ಪ್ರೋಟೋಕಾಲ್‌ಗೂ ಹಾಕಿಲ್ಲ. ನಿರಾಶ್ರಿತರಿಗೆಂದೇ ಒಂದು ಕಾನೂನು ನಮ್ಮಲ್ಲಿಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಕೊಟ್ಟ ಕಾರ್ಡ್ ಕೈಯಲ್ಲಿದ್ದರೂ ಅಂಥವರನ್ನು ಹಿಡಿದು ಒಳಗೆ ಹಾಕಿದ ಉದಾಹರಣೆಗಳಿವೆ. ಅವರ ಮುಖ, ಅವರ ಬೀದಿ, ಅವರ ಶೆಡ್ ನಿಮ್ಮ ವಿಡಿಯೋದಲ್ಲಿ ಕಂಡರೆ ಲೈಕು ನಿಮಗೆ, ತೊಂದರೆ ಅವರಿಗೆ. ಊರಲ್ಲಿ ಉಳಿದ ನೆಂಟರಿಗೂ ಆಗಬಹುದು. "ಅವರೇ ಒಪ್ಪಿದರು" ಅನ್ನುತ್ತೀರಿ. ಬಣ್ಣ, ಬಿಸ್ಕತ್ತು ತಂದ ಹುಡುಗರ ಎದುರು ಇಲ್ಲ ಅನ್ನಲು ಎಷ್ಟು ಜನಕ್ಕೆ ಬಾಯಿ ಬರುತ್ತದೆ?

ಗೋಡೆ ಚಿತ್ರದ ಮಾತು. ಯಾರ ಗೋಡೆ ಅದು? ಜಾಗದ ಮಾಲೀಕ ಬೇರೆ ಇರುತ್ತಾನೆ, ಬಾಡಿಗೆ ಪಡೆಯುತ್ತಾನೆ. ನೀವು ಬಣ್ಣ ಬಳಿದು ಹೋದ ಮೇಲೆ ಬೈಸಿಕೊಳ್ಳುವವರು ಅವರು. ಒಂದು ಭಾನುವಾರ ಹೋಗಿ ಬರುವುದಾದರೆ ಹೋಗದಿರುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಅಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ಯಾರಾದರೂ ಇದ್ದೇ ಇರುತ್ತಾರೆ. ಮಕ್ಕಳಿಗೆ ಪಾಠ ಹೇಳುವವರು, ಶಾಲೆಗೆ ಸೇರಿಸಲು ಓಡಾಡುವವರು. ಮೊದಲು ಅವರ ಹತ್ತಿರ ಹೋಗಿ ಏನು ಬೇಕು ಅಂತ ಕೇಳಿ. ಆಮೇಲೆ ಅಲ್ಲಿನ ಹೆಂಗಸರನ್ನು ಕೇಳಿ, ಅವರಿಗೆ ಏನು ಮಾಡಲು ಬರುತ್ತದೆ ಎಂದು. ರೋಹಿಂಗ್ಯಾ ಹೆಂಗಸರ ಕಸೂತಿ ಕೆಲಸ ನೋಡಬೇಕು ನೀವು. ಕಾಕ್ಸ್ ಬಜಾರ್‌ನಲ್ಲಿ ರೋಹಿಂಗ್ಯಾ ಸಾಂಸ್ಕೃತಿಕ ನೆನಪಿನ ಕೇಂದ್ರ ಎಂದೇ ಒಂದಿದೆ. ಅಲ್ಲಿ ಶಿಬಿರದವರೇ ಕಸೂತಿ ಹಾಕಿದ ಬಟ್ಟೆಗಳಿವೆ, ತಮ್ಮೂರಿನ ಮನೆ, ದೋಣಿಗಳ ಸಣ್ಣ ಸಣ್ಣ ಮಾದರಿಗಳಿವೆ. ಯಾರೋ ಬಂದು ಕಲಿಸಿದ್ದಲ್ಲ, ಅವರ ಕೈಯಲ್ಲಿ ಮೊದಲಿಂದ ಇದ್ದದ್ದು. ತಿಂಗಳಿಗೆ ಎರಡು ಸಲವಾದರೂ ಒಂದು ವರ್ಷ ಹೋಗುತ್ತೇವೆ ಅನ್ನುವ ಧೈರ್ಯ ಇದ್ದರೆ ಮತ್ತೆ ನನಗೆ ಬರೆಯಿರಿ, ಖಂಡಿತ ದಾರಿ ಹುಡುಕೋಣ.

ಪ್ರಶ್ನೆ: ನಾನು ಕುಶಾಲನಗರದ ಹತ್ತಿರ ಹೈಸ್ಕೂಲ್ ಚಿತ್ರಕಲಾ ಶಿಕ್ಷಕಿ. ಬೈಲಕುಪ್ಪೆ ಪಕ್ಕದಲ್ಲೇ ಇದೆ, ನಮ್ಮ ಮಕ್ಕಳು ಪಿಕ್‌ನಿಕ್‌ಗೆ ಹೋಗಿ ಗೋಲ್ಡನ್ ಟೆಂಪಲ್ ನೋಡಿ, ಮೋಮೋ ತಿಂದು ಬರುತ್ತಾರೆ. ಇನ್ನೂ ಏನಾದರೂ ಮಾಡಬಹುದಾ?

ಉತ್ತರ: ಮಾಡಬಹುದು ಮೇಡಂ, ಮಾಡಬೇಕು. ಬೈಲಕುಪ್ಪೆಗೆ ಟಿಬೆಟಿನವರು ಬಂದು 60 ವರ್ಷದ ಮೇಲಾಯಿತು. ಆಗಿನ ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆ ಕಾಡಿನಲ್ಲಿ ಮರ ಕಡಿದು, ಡೇರೆಯಲ್ಲಿದ್ದು, ಆನೆ ಕಾಟ ತಡೆದುಕೊಂಡು ಮೆಕ್ಕೆಜೋಳ ಬೆಳೆದ ಜನ. ಈಗಿನ ಮಕ್ಕಳು ಇಲ್ಲೇ ಹುಟ್ಟಿದವರು, ಎಷ್ಟೋ ಜನ ನಿಮ್ಮಷ್ಟೇ ಚೆನ್ನಾಗಿ ಕನ್ನಡ ಮಾತಾಡುತ್ತಾರೆ. ಅವರನ್ನು ಪ್ರದರ್ಶನದ ವಸ್ತುವಿನಂತೆ ನೋಡಿ ಬರುವ ಬದಲು ಎರಡು ಶಾಲೆಯ ಮಕ್ಕಳನ್ನು ಒಂದೇ ಮೇಜಿಗೆ ಕೂರಿಸಿ.

ಥಂಕಾ, ಅಂದರೆ ಬಟ್ಟೆಯ ಮೇಲಿನ ಟಿಬೆಟನ್ ಬೌದ್ಧ ಚಿತ್ರ, ಬರೆಯುವುದನ್ನು ಮೊದಲಿನಿಂದ ತೋರಿಸಲು ಯಾರಾದರೂ ಕಲಾವಿದರನ್ನು ಕೇಳಿ. ಮುಗಿದ ಥಂಕಾ ನೋಡುವುದಕ್ಕಿಂತ ಅದರ ತಯಾರಿ ನೋಡುವುದು ಮಕ್ಕಳಿಗೆ ಜಾಸ್ತಿ ಹಿಡಿಸುತ್ತದೆ. ಹತ್ತಿ ಬಟ್ಟೆಯನ್ನು ಕಡ್ಡಿಗಳಿಗೆ ಹೊಲಿದು, ಆ ಕಡ್ಡಿಗಳನ್ನು ದೊಡ್ಡ ಮರದ ಚೌಕಟ್ಟಿಗೆ ಹಗ್ಗದಿಂದ ಅಡ್ಡಡ್ಡ ಬಿಗಿಯುತ್ತಾರೆ. ಅಂಟು ಮತ್ತು ಸೀಮೆಸುಣ್ಣದ ಪುಡಿ ಕಲಸಿ ಎರಡೂ ಬದಿಗೆ ಬಳಿದು, ಒಣಗಿದ ಮೇಲೆ ನುಣುಪು ಕಲ್ಲಿನಿಂದ ಉಜ್ಜುತ್ತಾರೆ, ಬೆರಳಿಟ್ಟರೆ ಜಾರಬೇಕು. ಆಮೇಲೆ ಅಳತೆಯ ಗೆರೆಗಳು. ಬುದ್ಧನ ಮುಖ ಇಷ್ಟು, ಭುಜ ಇಷ್ಟು ಎಂದು ಎಲ್ಲಕ್ಕೂ ಲೆಕ್ಕ. ಕಣ್ಣು ಬಿಡಿಸುವುದು ಕಟ್ಟಕಡೆಗೆ. ನಮ್ಮ ಶಿಲ್ಪಿಗಳೂ ಮೂರ್ತಿಗೆ ಕಣ್ಣು ತೆರೆಸುವುದು ಕೊನೆಗೇ ಅಲ್ವಾ, ಅದನ್ನು ಮಕ್ಕಳಿಗೆ ಹೇಳಿ. ನಿಮ್ಮ ಕಡೆಯಿಂದ ಮೈಸೂರು ಶೈಲಿಯ ಚಿತ್ರ ಒಂದನ್ನು ಒಯ್ದು, ಅದರಲ್ಲಿ ಚಿನ್ನದ ರೇಕು ಹೇಗೆ ಕೂರಿಸುತ್ತಾರೆ ಎಂದು ನೀವು ತೋರಿಸಿ. ಕೊಡುವುದೂ ಇರಬೇಕು, ತೆಗೆದುಕೊಳ್ಳುವುದೂ ಇರಬೇಕು.

ಕಾರ್ಪೆಟ್ ನೇಯ್ಗೆ ಸಿಕ್ಕರೆ ಅದನ್ನಂತೂ ಬಿಡಬೇಡಿ. ಟಿಬೆಟನ್ ಕಾರ್ಪೆಟ್‌ನಲ್ಲಿ ಉಣ್ಣೆಯ ಎಳೆಯನ್ನು ಒಂದು ಸರಳಿನ ಸುತ್ತ ಸುತ್ತುತ್ತಾ ಹೋಗುತ್ತಾರೆ, ಸಾಲು ಮುಗಿದ ಮೇಲೆ ಸರಳಿನುದ್ದಕ್ಕೂ ಚಾಕು ಎಳೆದರೆ ಸುರುಳಿಗಳೆಲ್ಲ ಕತ್ತರಿಸಿ ಮೆತ್ತನೆ ಎದ್ದು ನಿಲ್ಲುತ್ತವೆ. ಇದೇ ಕೆಲಸ ಭಾರತ, ನೇಪಾಳದಲ್ಲಿ ಎಷ್ಟೋ ಟಿಬೆಟನ್ ಕುಟುಂಬಗಳಿಗೆ ಆರಂಭದ ವರ್ಷಗಳಲ್ಲಿ ಊಟ ಹಾಕಿದ್ದು.

ಪ್ರಶ್ನೆ: ನಾವು ಅಮೆರಿಕದ ಮಿನ್ನೆಸೋಟಾದ ಸೇಂಟ್ ಪಾಲ್‌ನಲ್ಲಿದ್ದೇವೆ. ಇಲ್ಲಿ ಮೋಂಗ್ ಜನ ತುಂಬಾ ಇದ್ದಾರೆ. ಮಾರ್ಕೆಟ್‌ನಲ್ಲಿ ಒಬ್ಬ ಅಜ್ಜಿ ಮಾರುತ್ತಿದ್ದ ಕಸೂತಿ ಬಟ್ಟೆಯಲ್ಲಿ ಜನ ನದಿ ದಾಟುವುದು, ಸೈನಿಕರು ಗುಂಡು ಹೊಡೆಯುವುದು ಇತ್ತು. ತುಂಬಾ ಇಷ್ಟವಾಯಿತು, ಆದರೆ ಯಾರದೋ ಸಂಕಟವನ್ನು ದುಡ್ಡು ಕೊಟ್ಟು ಗೋಡೆಗೆ ಹಾಕಿಕೊಳ್ಳುವುದು ಸರಿಯಾ ಅನ್ನಿಸಿ ವಾಪಸ್ ಬಂದೆ.

ಉತ್ತರ: ಹೋಗಿ ಕೊಂಡುಕೊಳ್ಳಿ. ಆ ಬಟ್ಟೆ ಹುಟ್ಟಿದ್ದೇ ಮಾರುವುದಕ್ಕೆ. ಮೋಂಗ್ ಹೆಂಗಸರಿಗೆ ಪಾ ನ್ದಾವ್ ಎಂಬ ಕಸೂತಿ ಹಳೆಯದು, ಆದರೆ ಅದರಲ್ಲಿ ಮೊದಲು ಇದ್ದದ್ದು ಬಸವನಹುಳುವಿನ ಸುರುಳಿಯಂಥ ವಿನ್ಯಾಸಗಳು, ಮನುಷ್ಯರಿರಲಿಲ್ಲ. ಲಾವೋಸ್‌ನಲ್ಲಿ 1975ರಲ್ಲಿ ಕಮ್ಯುನಿಸ್ಟರ ಆಳ್ವಿಕೆ ಬಂದಾಗ, ಅಮೆರಿಕದ ಪರ ಹೋರಾಡಿದ್ದ ಮೋಂಗ್ ಜನ ಮೆಕಾಂಗ್ ನದಿ ದಾಟಿ ಥಾಯ್ಲೆಂಡಿಗೆ ಓಡಿದರು. ಬಾನ್ ವಿನಾಯ್‌ನಂಥ ಶಿಬಿರಗಳಲ್ಲಿ ವರ್ಷಗಟ್ಟಲೆ ಕೂತಾಗ ಈ ಕತೆಯ ಬಟ್ಟೆ ಶುರುವಾಯಿತು. ಎಷ್ಟೋ ಕಡೆ ಗಂಡಸರು ಆಕಾರ ಬರೆದುಕೊಟ್ಟರು, ಹೆಂಗಸರು ದಾರ ತುಂಬಿದರು. ಅಮೆರಿಕಕ್ಕೆ ಮೊದಲು ಹೋದ ನೆಂಟರು ಅವನ್ನು ಮಾರಿ ದುಡ್ಡು ಕಳಿಸಿದರು. ಕೊಳ್ಳುವವರ ಮನೆಯ ಸೋಫಾಗೆ ಹೊಂದಲಿ ಎಂದು ಮೋಂಗ್ ಜನರ ಗಾಢ ಬಣ್ಣಗಳ ಜಾಗದಲ್ಲಿ ಮಂಕು ನೀಲಿ, ಕಂದು ಬಂದವು. ಕೆಲವರಿಗೆ ಇದರಿಂದ ಬೇಸರ, ಕಲೆ ಕೆಟ್ಟಿತು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಏನು ಹೊಲಿಯಬೇಕು, ಏನು ಮಾರಬೇಕು ಎಂದು ಅವರೇ ತೀರ್ಮಾನಿಸಿದರು, ಬಂದ ದುಡ್ಡು ಅವರ ಮನೆಗೇ ಹೋಯಿತು.

ಕೆಡುವುದು ಯಾವಾಗ ಅಂದರೆ, ಹೊಲಿದವರು ಒಬ್ಬರು, ಮಾರಿ ಹೆಸರು ಮಾಡುವವರು ಇನ್ನೊಬ್ಬರು ಆದಾಗ. ನಿರಾಶ್ರಿತರ ಕೆಲಸದ ಪ್ರದರ್ಶನಕ್ಕೆ ಹೋದರೆ ಇದನ್ನು ಕೇಳಿ: ಮಾಡಿದವರ ಹೆಸರು ಇದೆಯಾ, ಅಥವಾ ಅವರೇ ಹೆಸರು ಬೇಡ ಅಂದರಾ? ದುಡ್ಡು ಎಷ್ಟು ಅವರ ಕೈಗೆ ಹೋಗುತ್ತದೆ? ಶೆಫೀಲ್ಡ್ ಓದುಗರಿಗೂ ಇಲ್ಲೇ ಒಂದು ಎಚ್ಚರಿಕೆ ಹೇಳಬೇಕು. ಬ್ರಿಟನ್‌ನಲ್ಲಿ ಆಶ್ರಯದ ಅರ್ಜಿ ಹಾಕಿದವರು ದುಡಿಯುವಂತಿಲ್ಲ. 12 ತಿಂಗಳಾದರೂ ತೀರ್ಮಾನ ಬಾರದಿದ್ದರೆ ಮಾತ್ರ ಅನುಮತಿ ಕೇಳಬಹುದು, ಅದೂ ಕೆಲವೇ ಕೆಲಸಗಳಿಗೆ. ಕೌದಿ ಚೆನ್ನಾಗಿ ಬಂತು ಅಂತ ಮಾರಿ ದುಡ್ಡು ಹಂಚಿದರೆ ಅವರ ಅರ್ಜಿಗೇ ತೊಂದರೆ ಆಗಬಹುದು, ಹಾಗಾಗಿ ವಕೀಲರನ್ನು ಕೇಳದೆ ಮಾರಾಟಕ್ಕೆ ಇಳಿಯಬೇಡಿ.

ನಿಮ್ಮ ಸೇಂಟ್ ಪಾಲ್‌ನ ಅಜ್ಜಿಗೆ ಆ ತೊಡಕಿಲ್ಲ. ಹೇಳಿದ ಬೆಲೆ ಕೊಡಿ, ಚೌಕಾಸಿ ಬೇಡ. ಹೊಲಿದವರು ಅವರೇನಾ ಎಂದು ಕೇಳಿ, ಹೆಸರು ಹೇಳಿದರೆ ಬಟ್ಟೆಯ ಹಿಂದೆ ಬರೆದಿಡಿ. ನದಿ ದಾಟಿದ ಕತೆಯನ್ನು ಮಾತ್ರ ನೀವಾಗಿ ಕೇಳಬೇಡಿ.